ಶಿರಾಜ್‌ಗೆ ಅರಿಶಿನ, ಕ್ಯಾಬರ್ನೆಗೆ ಕುಂಕುಮ

ಇಪ್ಪತ್ತೆಂಟು ವರ್ಷ ಒಂದು ವೈನ್ ಕಂಪನಿಯ ದ್ರಾಕ್ಷಿ ತೋಟ ನೋಡಿಕೊಂಡೆ, ಒಂದು ಗುಟುಕು ವೈನ್ ಗಂಟಲಿಗಿಳಿಸಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ವಿಜಯಪುರದ ಕಡೆಯವನು ಹೀಗೆ ಹೇಳಿದರೆ ಪುಣೆಯ ನಮ್ಮ ಜನವೇ ನಂಬುವುದಿಲ್ಲ. ಮದುವೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು ಮೆಲ್ಲಗೆ ಮೂಗು ಮುಂದೆ ಮಾಡುತ್ತಿದ್ದರು. ಮಾಡಲಿ ಬಿಡಿ! ನನ್ನ ಬಾಯಿಗೆ ಹೋಗುತ್ತಿದ್ದದ್ದು ಹಣ್ಣು, ಸಿಪ್ಪೆ, ಬೀಜ. ಬೀಜವನ್ನು ಹಲ್ಲಲ್ಲಿ ಕಡಿದಾಗ ಹಸಿ ಕಹಿ ಹೋಗಿ ಹುರಿದ ಶೇಂಗಾದ ರುಚಿ ಬಂತೆಂದರೆ ಕತ್ತರಿ ಹೊರಗೆ ತೆಗೆಯಬೇಕು ಎಂದು ಅರ್ಥ. ಆಮೇಲೆ ಉಗುಳಿ ಬಾಯಿ ಮುಕ್ಕಳಿಸುವುದು. ಇದಿಷ್ಟೇ ನನ್ನ ಕುಡಿತ.

ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ತೋಟಗಾರಿಕೆ ಓದಿ ಈ ಕೆಲಸಕ್ಕೆ ಬರುತ್ತಿದ್ದಾರೆ. ಪುಣೆಯ ಕೊಂಢವಾದಲ್ಲಿರುವ ನನ್ನ ಮನೆ ಹುಡುಕಿಕೊಂಡು ಬಂದು, "ಕಾಕಾ, ಕೆಲಸ ಹೆಂಗಿರ್ತದ್ರಿ?" ಎಂದು ಕೇಳುತ್ತಾರೆ. ಸಂಬಳ, ಬಡ್ತಿಯ ಮಾತು ಕಂಪನಿಯವರೇ ಹೇಳುತ್ತಾರೆ. ನಾನು ಹೇಳುವುದು ಒಂದು ಬಳ್ಳಿಯ ಕಥೆ, ಆ ಬಳ್ಳಿಯ ವಿಷಯದಲ್ಲಿ ನಾನು ಮಾಡಿದ ಒಂದು ಘನಂದಾರಿ ತಪ್ಪಿನ ಕಥೆ. ಬಳ್ಳಿಯ ಹೆಸರು ಶಿರಾಜ್. ಹೆಸರು ಹೇಳಿದರೆ ಈಗಲೂ ಕೂತಲ್ಲಿಂದ ಎದ್ದು ನಿಲ್ಲುವ ಹಾಗಾಗುತ್ತದೆ ನನಗೆ!

ನಾನು ತೋಟದವನೇ ಅಲ್ಲ. ಪುಣೆಯ ಭೋಸರಿಯಲ್ಲಿ ಸ್ಟೀಲ್ ಟ್ಯಾಂಕು ಮಾಡುವ ಒಂದು ಕಾರ್ಖಾನೆಯಲ್ಲಿ ಸಾಮಾನು ತಲುಪಿಸುವ ಕೆಲಸದಲ್ಲಿದ್ದೆ. ಹಾಲಿನ ಡೇರಿಗಳಿಗೆ ಹೋಗುತ್ತಿದ್ದ ನಮ್ಮ ಟ್ಯಾಂಕು ಒಂದು ಸಲ ನಾಸಿಕ್ ರಸ್ತೆಯಲ್ಲಿ ಎರಡು ತಾಸು ದೂರದ ಒಂದು ವೈನ್ ಕಂಪನಿಗೆ ಹೋಯಿತು. ಲಾರಿಯ ಜೊತೆ ನಾನೂ ಹೋದೆ. ಫೆಬ್ರುವರಿ ತಿಂಗಳು. ಅಂಗಳದಲ್ಲಿ ಕರಿದ್ರಾಕ್ಷಿ ಬುಟ್ಟಿಗಳು ಸಾಲಾಗಿದ್ದವು. ನಾನು ಸಣ್ಣವನಿದ್ದಾಗ ತಿಕೋಟಾದ ಸೋದರಮಾವನ ತೋಟದಲ್ಲಿ ತಿಂದ ಹಣ್ಣು ಹಸಿರು, ಉದ್ದ, ಬೀಜವಿಲ್ಲದ್ದು. ಇದು ಕಡುನೀಲಿ, ಸಣ್ಣ, ಮೈಮೇಲೆ ಬೂದಿ ಬಳಿದ ಹಾಗೆ. ಕೇಳದೆ ಒಂದು ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಆಮೇಲೆ ಸಿಪ್ಪೆಯ ಒಗರು, ಎಲ್ಲ ಮುಗಿಯಿತು ಅನ್ನುವಾಗ ಹಿಂದಿನಿಂದ ಒಂದು ಖಾರ.

"ಅಯ್ಯ, ಇದರಾಗ ಮೆಣಸಿನ ಕಾಳಿನ ವಾಸನಿ ಅದಲ್ಲ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

ಹಿಂದೆ ನಿಂತಿದ್ದ ಕನ್ನಡಕದ ಒಬ್ಬರು ತಿರುಗಿ ನೋಡಿದರು. "ಏ, ನೀ ಯಾವೂರಾಂವೋ? ಇಲ್ಲಿ ಹದಿನೈದ ಮಂದಿ ಕೆಲಸ ಮಾಡ್ತಾರ, ಒಬ್ಬಂವಗೂ ಆ ವಾಸನಿ ಹತ್ತಿಲ್ಲ."

ಅವರೇ ಇನಾಮದಾರ್ ಸಾಹೇಬರು. ಧಾರವಾಡದವರು, ಆ ಕಂಪನಿಯ ವೈನ್ ಮಾಡುವ ಮುಖ್ಯಸ್ಥರು. ಮುಂದಿನ ತಿಂಗಳು ಭೋಸರಿಯ ಕೆಲಸ ಬಿಟ್ಟು ಅವರ ಕೈಕೆಳಗೆ ಸೇರಿದೆ. ಹೆಂಡತಿ ಶೋಭಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಡಬ್ಬಿ ಕಟ್ಟಿಕೊಟ್ಟು, "ಹೋಗ್ರಿ. ಆದ್ರ ಮನೀಗೆ ಬರೂ ಮುಂದ ಎಲಿ ಅಡಕಿ ಹಾಕ್ಕೊಂಡ ಬರಬ್ಯಾಡ್ರಿ, ವಾಸನಿ ಮುಚ್ಚಾಕ ಅಂತ ತಿಳೀತೀನಿ" ಅಂದಳು.

ಸಾಹೇಬರು ನಮ್ಮಿಬ್ಬರ ಕೆಲಸವನ್ನು ಮೊದಲ ದಿನವೇ ಹಂಚಿದರು. "ಎಲಿ ನೋಡೋದು ನಿನ್ನ ಕೆಲಸ, ರುಚಿ ನೋಡೋದು ನನ್ನ ಕೆಲಸ. ನೀ ಅಂದದ್ದ ನಾ ನಂಬ್ತೀನಿ, ನಾ ಅಂದದ್ದ ನೀ ನಂಬು." ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲೆ ನೋಡುವುದನ್ನು ನಾನು ಹುಚ್ಚನ ಹಾಗೆ ಕಲಿತೆ. ಪ್ರತಿಯೊಂದು ತಳಿಗೂ ಎಲೆಯೇ ಮುಖ. ಕ್ಯಾಬರ್ನೆ ಎಂಬ ಇನ್ನೊಂದು ಕೆಂಪು ವೈನಿನ ದ್ರಾಕ್ಷಿ ಇದೆ, ಬಹಳ ದೊಡ್ಡ ಹೆಸರಿನದ್ದು. ಅದರ ಎಲೆ ಆಳವಾಗಿ ಸೀಳಿ, ಸೀಳಿದ ತುದಿಗಳು ಒಂದರ ಮೇಲೊಂದು ಬಂದು, ನಡುವೆ ಯಾರೋ ತೂತು ಕೊರೆದ ಹಾಗಿರುತ್ತದೆ. ಶಿರಾಜ್ ಎಲೆಗೆ ಅಂಥ ಆಡಂಬರ ಇಲ್ಲ. ಸೀಳು ಕಡಿಮೆ, ಚಿಗುರಿನ ತುದಿಯಲ್ಲಿ ಬಿಳಿ ನವಿರು, ಬೆರಳಿಗೆ ಮೆತ್ತಗೆ ಹತ್ತಿಯ ಹಾಗೆ. ಕಣ್ಣು ಮುಚ್ಚಿ ಚಿಗುರು ಸವರಿ ಹೆಸರು ಹೇಳುವಷ್ಟು ಪಳಗಿದೆ. ಹೇಳಿಯೂ ತೋರಿಸುತ್ತಿದ್ದೆ, ಬಂದ ಅತಿಥಿಗಳ ಮುಂದೆ ಕಣ್ಣಿಗೆ ಟವೆಲು ಕಟ್ಟಿಕೊಂಡು ಸರ್ಕಸ್ಸು ಮಾಡುತ್ತಿದ್ದೆ.

ಇನ್ನು ಅದರ ಗುಣ! ಅದರ ರೆಂಬೆ ಉದ್ದುದ್ದ, ಮೃದು. ಗಾಳಿ ಬಂದರೆ ಪಟಕ್ಕನೆ ಮುರಿಯುತ್ತದೆ, ತಂತಿಗೆ ಬೇಗ ಕಟ್ಟಬೇಕು. ಬಿಸಿಲು ಬೇಕು, ಆದರೆ ಬಿಸಿಲಿಗೆ ಗೊನೆ ನೇರವಾಗಿ ಒಡ್ಡಿದರೆ ಸುಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಗುಣ ಅದರ ಅವಸರ. ಕ್ಯಾಬರ್ನೆ ಸಾವಕಾಶದ ಆಸಾಮಿ, ಹಣ್ಣಾದ ಮೇಲೂ ಹತ್ತು ದಿನ ಬಳ್ಳಿಯ ಮೇಲೆ ಕೂತಿರುತ್ತದೆ. ಶಿರಾಜ್ ಅದಕ್ಕಿಂತ ಮೊದಲೇ ಹಣ್ಣಾಗುತ್ತದೆ, ಹಣ್ಣಾಯಿತೋ ಕೊಯ್ಯಲೇಬೇಕು. ನಾಲ್ಕು ದಿನ ತಡ ಮಾಡಿದರೆ ಒಣದ್ರಾಕ್ಷಿಯ ಹಾಗೆ ಸುಕ್ಕುತ್ತದೆ, ವೈನಿಗೆ ಜಾಮಿನ ರುಚಿ ಬರುತ್ತದೆ. ಚಳಿ ಚೆನ್ನಾಗಿ ಬಿದ್ದ ವರ್ಷ ಅದರ ಸಿಪ್ಪೆಯಲ್ಲಿ ಆ ಕಾಳುಮೆಣಸಿನ ವಾಸನೆ ಎದ್ದು ನಿಲ್ಲುತ್ತದೆ. ಕ್ಯಾಬರ್ನೆಯಲ್ಲಿ ಅದು ಸಿಗುವುದಿಲ್ಲ. ಈ ವಾಸನೆಯೇ ಶಿರಾಜಿನ ಸಹಿ ಎಂದು ಸಾಹೇಬರು ಹೇಳುತ್ತಿದ್ದರು.

ಅದರ ಇತಿಹಾಸ ಹೇಳುವಾಗ ನಾನು ಎಂಥ ಮಂಗ ಆದೆ ಕೇಳಿ. ಪರ್ಶಿಯಾದಲ್ಲಿ ಶಿರಾಜ್ ಎಂಬ ಊರಿದೆ. ಯುದ್ಧಕ್ಕೆ ಹೋದ ಫ್ರಾನ್ಸಿನ ಒಬ್ಬ ಯೋಧ ಬೇಸತ್ತು ಅಲ್ಲಿಂದ ಬಳ್ಳಿ ತಂದು, ರೋನ್ ನದಿಯ ದಂಡೆಯ ಗುಡ್ಡದ ಮೇಲೆ ನೆಟ್ಟು ಸನ್ಯಾಸಿಯಾದ ಎಂಬ ಕಥೆ ಆಗ ಎಲ್ಲ ಕಡೆ ನಡೆಯುತ್ತಿತ್ತು. ನಾನು ಅದಕ್ಕೆ ಒಂದು ಕುದುರೆ, ಒಂದು ಮರಳುಗಾಡು ಸೇರಿಸಿ ತೋಟ ನೋಡಲು ಬಂದವರಿಗೆ ಹೇಳುತ್ತಿದ್ದೆ. ಯೋಧ ತನ್ನ ಪಾಲಿನ ನೀರನ್ನು ಬಳ್ಳಿಗೆ ಕುಡಿಸುವ ಜಾಗಕ್ಕೆ ಬಂದಾಗ ಹೆಂಗಸರ ಕಣ್ಣು ಒದ್ದೆಯಾಗುತ್ತಿದ್ದವು. ಒಮ್ಮೆ ಸಸ್ಯಶಾಸ್ತ್ರ ಕಲಿಸುವ ಒಬ್ಬ ಮೇಡಂ ಕೊನೆಯವರೆಗೂ ಕೇಳಿ, ಮರಾಠಿಯಲ್ಲಿ ಶಾಂತವಾಗಿ ಹೇಳಿದರು: ವಂಶವಾಹಿ ಪರೀಕ್ಷೆಯಾಗಿದೆ, ಈ ಬಳ್ಳಿ ಎಲ್ಲಿಂದಲೂ ಬಂದಿಲ್ಲ, ಫ್ರಾನ್ಸಿನ ಆ ಭಾಗದಲ್ಲೇ ಹುಟ್ಟಿದ್ದು, ತಂದೆ ತಾಯಿ ಎರಡೂ ಅಲ್ಲಿಯವೇ, ಒಂದು ಕಪ್ಪು ದ್ರಾಕ್ಷಿ, ಒಂದು ಬಿಳಿ. ಎರಡರ ಹೆಸರೂ ಊರಾಚೆ ಯಾರಿಗೂ ಗೊತ್ತಿಲ್ಲ.

ನನ್ನ ಕುದುರೆ ಮರಳುಗಾಡಿನಲ್ಲೇ ಸತ್ತುಬಿತ್ತು. ಆದರೆ ಆ ದಿನ ನನಗೆ ಬೇಜಾರಿಗಿಂತ ಹೆಚ್ಚು ರೋಮಾಂಚನವಾಯಿತು! ಯಾರೂ ತಂದಿದ್ದಲ್ಲ, ಯಾರೂ ಉದ್ದೇಶದಿಂದ ಮಾಡಿದ್ದಲ್ಲ. ಎರಡು ಬಡಪಾಯಿ ಬಳ್ಳಿಗಳು ಒಂದರ ಪಕ್ಕ ಒಂದು ಇದ್ದವು, ಗಾಳಿಗೆ ಪರಾಗ ಹಾರಿತು, ಒಂದು ಬೀಜ ಬಿತ್ತು, ಮೊಳೆಯಿತು. ಆ ಒಂದು ಗಿಡದ ಕಡ್ಡಿಯಿಂದ ಕಡ್ಡಿ, ಕಡ್ಡಿಯಿಂದ ಕಡ್ಡಿ ತೆಗೆದು ನೆಟ್ಟು ನೆಟ್ಟು, ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಯಿತು. ಫ್ರಾನ್ಸಿನಲ್ಲಿ ಸಿರಾ ಅಂದರೆ ಅಲ್ಲಿ ಶಿರಾಜ್ ಅಂದರು. ಯುರೋಪಿನ ತೋಟಗಳನ್ನೆಲ್ಲ ಬೇರು ತಿನ್ನುವ ಒಂದು ಹೇನು ಹಾಳುಮಾಡಿದಾಗ ಆಸ್ಟ್ರೇಲಿಯಾದ ಕೆಲವು ಮೂಲೆಗಳಿಗೆ ಅದು ತಲುಪಲಿಲ್ಲ. ಅಲ್ಲಿ ನೂರು ವರ್ಷ ದಾಟಿದ ಮುದಿ ಬಳ್ಳಿಗಳು ಇವತ್ತಿಗೂ ಹಣ್ಣು ಬಿಡುತ್ತವೆ. ಅದೇ ಬಳ್ಳಿಯ ಕಡ್ಡಿ ಡಾಗ್ರಿಜ್ ಎಂಬ ಕಾಡುಬಳ್ಳಿಯ ಬೇರಿನ ಮೇಲೆ ಕಸಿಯಾಗಿ ನಮ್ಮ ಪುಣೆಯ ಕರಿಮಣ್ಣಿಗೂ ಬಂತು. ನಾನು ಮುಟ್ಟಿದ್ದು ಆ ಮೊದಲ ಗಿಡದ ತುಂಡನ್ನೇ! ಇದನ್ನು ಶೋಭಾಗೆ ಹೇಳಿದಾಗ ಅವಳು, "ಅಷ್ಟ ಹಳೇ ಗಿಡ ಅಂದ್ರ ನಮಸ್ಕಾರ ಮಾಡಿ ಕಡೀರಿ" ಅಂದಳು.

ಸಾಹೇಬರು ಇನ್ನೊಂದು ಸಂಗತಿ ಹೇಳಿದ್ದರು. ಹಿಂದಿನ ಕಾಲದಲ್ಲಿ ಫ್ರಾನ್ಸಿನ ದೊಡ್ಡ ಹೆಸರಿನ ಕ್ಯಾಬರ್ನೆ ಸೀಮೆಯ ವ್ಯಾಪಾರಿಗಳು ತಮ್ಮ ವೈನು ತೆಳ್ಳಗಾದ ವರ್ಷ ಅದಕ್ಕೆ ಶಿರಾಜ್ ವೈನ್ ಬೆರೆಸಿ ಗಟ್ಟಿ ಮಾಡುತ್ತಿದ್ದರಂತೆ. "ಹೆಸರು ಅವನದು, ದುಡಿಮಿ ಇವನದು" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಸಾಹೇಬರಿಗೆ ಒಂದೇ ಆಸೆ: ಒಂದು ಅಪ್ಪಟ ಕ್ಯಾಬರ್ನೆ ವೈನ್ ಮಾಡಬೇಕು, ಅದರ ಮೇಲೆ ಬೇರೆ ಹಣ್ಣಿನ ನೆರಳೂ ಬೀಳಬಾರದು. ಮಾಲೀಕರ ಬೆನ್ನು ಹತ್ತಿ ನಾಲ್ಕು ಎಕರೆ ಹೊಸ ಪ್ಲಾಟು ಪಡೆದರು. ಪಕ್ಕದಲ್ಲೇ ಶಿರಾಜಿಗೂ ನಾಲ್ಕು ಎಕರೆ. ಎರಡಕ್ಕೂ ಕಸಿಯ ಕಡ್ಡಿಯನ್ನು ಅಕ್ಟೋಬರ್ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವಾಗ, ನಾನೇ ಆರಿಸಿ ಕಟ್ಟು ಕಟ್ಟಿದೆ. ಎಲೆ ಉದುರಿದ ಕಡ್ಡಿಗೆ ಮುಖ ಇರುವುದಿಲ್ಲ. ಕ್ಯಾಬರ್ನೆಯೂ ಅಷ್ಟೇ, ಶಿರಾಜೂ ಅಷ್ಟೇ, ಎರಡೂ ಕಂದು ಕಡ್ಡಿ. ಗುರುತಿನ ತಗಡಿನ ಚೀಟಿಗಳು ಬರುವುದು ತಡವಾಯಿತು. ಭೋಸರಿಯಲ್ಲಿ ಪೈಪುಗಳಿಗೆ ಬಣ್ಣ ಹಚ್ಚಿ ಗುರುತಿಟ್ಟವನು ನಾನು, ಸುಮ್ಮನೆ ಕೂಡುತ್ತೇನೆಯೇ? ಪೇಂಟು ಮೊಗ್ಗಿಗೆ ಒಳ್ಳೆಯದಲ್ಲ ಎಂದು ಅಡುಗೆಮನೆಯಿಂದ ಅರಿಶಿನ, ಕುಂಕುಮ ತರಿಸಿದೆ. ಶಿರಾಜ್ ಕಟ್ಟಿನ ತುದಿಗೆ ಅರಿಶಿನ, ಕ್ಯಾಬರ್ನೆ ಕಟ್ಟಿನ ತುದಿಗೆ ಕುಂಕುಮ. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಕಟ್ಟುಗಳನ್ನು ಹಸಿ ಗೋಣಿಯ ಮೇಲೆ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿ, ಹಬ್ಬಕ್ಕೆಂದು ಮನೆಗೆ ಹೋದೆ.

ಯಾವ ಹಬ್ಬ? ಖಂಡೆನವಮಿ!

ಹಬ್ಬದ ಮರುದಿನ ಬಂದು ನೋಡುತ್ತೇನೆ, ಶೆಡ್ಡಿನಲ್ಲಿ ಕತ್ತರಿ, ಗರಗಸ, ಸಿಂಪಡಣೆ ಪಂಪು, ಟ್ರ್ಯಾಕ್ಟರು ಎಲ್ಲಕ್ಕೂ ಪೂಜೆಯಾಗಿದೆ. ಚೆಂಡುಹೂ, ತೆಂಗಿನಕಾಯಿ. ಗೋಣಿ ಬದಲಾಗಿದೆ, ನೆಲ ತೊಳೆದಿದೆ, ಕಟ್ಟುಗಳು ಇನ್ನೊಂದು ಗೋಡೆಗೆ ಹೋಗಿವೆ. ಪ್ರತಿಯೊಂದು ಕಟ್ಟಿನ ತುದಿಗೂ ಢಾಳಾಗಿ ಅರಿಶಿನ, ಅದರ ಮೇಲೆ ಕುಂಕುಮ.

ಚಾಟ್ನಿ ಗುಂಪಿನ ಮುಂದಾಳು ಗಂಗವ್ವ, ನಮ್ಮ ಇಂಡಿ ತಾಲೂಕಿನ ಕಡೆಯವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೆಮ್ಮೆಯಿಂದ ನಿಂತಿದ್ದಳು. "ಯಣ್ಣಾ, ಕೆಲವಕ್ಕ ಬರೇ ಅರಿಷಿಣ ಐತಿ, ಕೆಲವಕ್ಕ ಬರೇ ಕುಂಕಮ. ಅರ್ಧಾ ಮರ್ಧಾ ಪೂಜಿ ಮಾಡಿ ಹೋಗಿದ್ದಿಯಲ್ಲ, ಹಬ್ಬದ ದಿನ ಹಂಗ ಇಡಬಾರದು ಅಂತ ಎಲ್ಲಾ ಸರಿ ಮಾಡೇನಿ ನೋಡು!"

ಅವಳ ತಪ್ಪು ಒಂದು ಕೂದಲಿನಷ್ಟೂ ಇಲ್ಲ. ಅರಿಶಿನ ಕುಂಕುಮವನ್ನು ಗುರುತಿನ ಬಣ್ಣವೆಂದು ಯಾವ ಹೆಣ್ಣುಮಗಳು ಭಾವಿಸುತ್ತಾಳೆ? ಖಂಡೆಪೂಜೆಯ ಹಿಂದಿನ ದಿನ ಅದನ್ನು ಹಚ್ಚಿ ಹೋದ ನನಗೆ ಬುದ್ಧಿ ಬೇಕಿತ್ತು.

ಅವತ್ತೇ ಸಾಹೇಬರಿಗೆ ಹೇಳಬೇಕಾಗಿತ್ತು. ಒಂದು ವರ್ಷ ತಡವಾಗುತ್ತಿತ್ತು, ನಾಲ್ಕು ಬೈಗುಳ ಬೀಳುತ್ತಿದ್ದವು, ಅಷ್ಟೇ. ಆಗ ನಾನು ಹೊಸಬನೂ ಅಲ್ಲ. ಹನ್ನೆರಡು ವರ್ಷದ ಅನುಭವಿ. ಹೊಸಬನಾಗಿದ್ದರೆ ಹೆದರಿಕೆ ಅನ್ನಬಹುದಿತ್ತು. ನನ್ನದು ಸೊಕ್ಕು. ಕಣ್ಣು ಕಟ್ಟಿಕೊಂಡು ತಳಿ ಹೇಳುವ ಬಸವರಾಜ ಕಣ್ಣು ಬಿಟ್ಟುಕೊಂಡು ಎಡವಿದ ಎಂದು ಯಾರೂ ಅನ್ನಬಾರದು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಗಣ್ಣಿನ ಅಂತರ ನೋಡಿ, ತೊಗಟೆ ಕೆರೆದು, ನನಗೆ ತೋಚಿದ ಹಾಗೆ ಬೇರೆ ಮಾಡಿದೆ. ಮೂರು ದಿನದ ಮೇಲೆ ತಗಡಿನ ಚೀಟಿಗಳು ಬಂದವು. ನನ್ನ ಊಹೆಗೆ ತಗಡಿನ ಮೊಹರು ಬಿತ್ತು.

ಮುಂದಿನ ವರ್ಷ ಕಸಿ ಚಿಗುರಿದಾಗ ಪ್ಲಾಟಿನೊಳಗೆ ಕಾಲಿಟ್ಟವನು ಅಲ್ಲೇ ಕೂತುಬಿಟ್ಟೆ. ತೂತಿನ ಎಲೆ, ತೂತಿನ ಎಲೆ, ಹತ್ತಿಯ ಚಿಗುರು, ತೂತಿನ ಎಲೆ, ಹತ್ತಿಯ ಚಿಗುರು. ಸಾಹೇಬರ ಅಪ್ಪಟ ಕ್ಯಾಬರ್ನೆಯಲ್ಲಿ ಸುಮಾರು ಮೂರರಲ್ಲೊಂದು ಬಳ್ಳಿ ಶಿರಾಜ್! ಪಕ್ಕದ ಶಿರಾಜ್ ಪ್ಲಾಟಿನಲ್ಲಿ ಅಷ್ಟೇ ಕ್ಯಾಬರ್ನೆ. ಅದರ ಹಣ್ಣು ಅಗ್ಗದ ಮಿಶ್ರ ವೈನಿಗೆ ಹೋಗುತ್ತಿದ್ದುದರಿಂದ ಯಾರೂ ಕೇಳಲಿಲ್ಲ. ಕೇಳುವವರು ಇದ್ದದ್ದು ಇದಕ್ಕೆ.

ಮೊದಲ ಕೊಯ್ಲು ಬಂತು. ಕ್ಯಾಬರ್ನೆ ಹಣ್ಣಾಗುವ ದಿನ ಹಿಡಿದು ಎಲ್ಲ ಒಟ್ಟಿಗೆ ಕೊಯ್ದೆವು. ಅಷ್ಟರಲ್ಲಿ ಶಿರಾಜ್ ಸುಕ್ಕಿ ಹೋಗಿತ್ತು. ವೈನ್ ತಯಾರಾದ ಮೇಲೆ ಸಾಹೇಬರು ಲೋಟ ಮೂಗಿಗೆ ಹಿಡಿದು ಬಹಳ ಹೊತ್ತು ನಿಂತರು. ಮಾಲೀಕರು, ಲೆಕ್ಕದವರು, ಮಾರಾಟದವರು ಎಲ್ಲ ಇದ್ದರು.

"ಬಸವರಾಜ, ಇದ್ರಾಗ ಮೆಣಸಿನ ಕಾಳಿನ ವಾಸನಿ ಬರ್ಲಿಕತ್ತದಲ್ಲೋ. ಶಿರಾಜ್ ಏನರ ಸೇರ್ಯದೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿಕೊಳ್ಳಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ನಗಿಸಿದೆ. "ಇಲ್ರಿ ಸರ. ಒಂದೊಂದು ಎಲಿ ನಾ ನೋಡೇನಿ. ನೀವು ಮುಂಜಾನೆ ಮನ್ಯಾಗ ಮೆಣಸಿನ ಸಾರು ಉಂಡ ಬಂದೀರಿ, ಅದ ಇನ್ನೂ ನಾಲಿಗಿ ಮ್ಯಾಲ ಕುಂತದ."

ಎಲ್ಲರೂ ಗೊಳ್ಳೆಂದರು. ಸಾಹೇಬರೂ ನಕ್ಕರು. "ಇರಬೇಕು ನೋಡು, ಉಂಡೇನಿ" ಅಂದರು.

ಮರುದಿನದಿಂದ ಅವರು ಊಟದಲ್ಲಿ ಕಾಳುಮೆಣಸು ಬಿಟ್ಟರು. ಎರಡನೆಯ ವರ್ಷ ಅದೇ ವಾಸನೆ ಬಂತು, ಎಲೆ ಅಡಿಕೆ ಬಿಟ್ಟರು. ಮೂರನೆಯ ವರ್ಷ ಚಹಾ ಬಿಟ್ಟರು. ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದರು, ಪ್ರತಿ ಸಲವೂ ನಾನು "ಇಲ್ರಿ ಸರ" ಅನ್ನುತ್ತಿದ್ದೆ. ಒಮ್ಮೆ ತಾವೇ ಎಲೆ ನೋಡುತ್ತೇನೆಂದು ಬಂದರು. ನನಗೆ ಗೊತ್ತಿದ್ದ ಒಂದು ಶುದ್ಧ ಸಾಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು ನನ್ನ ಸ್ಥಿತಿ. ನುಂಗಲೂ ಆಗದು, ಉಗುಳಲೂ ಆಗದು. ಮೊದಲ ವರ್ಷ ಒಂದು ಬಳ್ಳಿಯ ತಪ್ಪಾಗಿದ್ದದ್ದು ವರ್ಷ ಕಳೆದ ಹಾಗೆ ಒಬ್ಬ ಮನುಷ್ಯನ ನಾಲಿಗೆಯ ಮೇಲೆ ಹೇರಿದ ಸುಳ್ಳಾಯಿತು. ಹನ್ನೊಂದು ಕೊಯ್ಲು ಹೀಗೇ ಹೋದವು. ಹನ್ನೊಂದನೆಯದಾದ ಮೇಲೆ ಸಾಹೇಬರು ಮಾಲೀಕರಿಗೆ, "ನನ್ನ ನಾಲಿಗಿ ಕೆಟ್ಟದರಿ, ಇನ್ನ ನಾ ಈ ಕೆಲಸಕ್ಕ ಲಾಯಕ್ಕಿಲ್ಲ" ಎಂದು ಹೇಳಿ, ಅವಧಿಗೆ ಮೊದಲೇ ಕೆಲಸ ಬಿಟ್ಟು ಪುಣೆ ಕ್ಯಾಂಪಿನ ತಮ್ಮ ಮನೆಗೆ ಹೋಗಿ ಕೂತರು.

ಅವರ ಜಾಗಕ್ಕೆ ಬಂದವಳು ಕಾವ್ಯಾ, ಮೈಸೂರಿನ ಹುಡುಗಿ, ಮೂವತ್ತೂ ಆಗಿರಲಿಲ್ಲ. ಅವಳ ಹತ್ತಿರ ಟ್ಯಾಬು, ಉಪಗ್ರಹದ ಚಿತ್ರ, ಮಣ್ಣಿನ ತೇವ ಹೇಳುವ ಕೋಲು, ಎಲ್ಲ ಇದ್ದವು. ನಾನು ಬೀಜ ಕಡಿದು ಹೇಳುವುದನ್ನು ಅವಳ ಯಂತ್ರ ಒಂದು ಹನಿ ರಸದಲ್ಲಿ ಹೇಳುತ್ತಿತ್ತು. ಮೊದಲು ನನಗೆ ಉರಿ ಹತ್ತಿತು. ಆದರೆ ಒಂದು ದಿನ ಅವಳು ಯಂತ್ರದ ಅಂಕಿ ನೋಡಿ, ಒಂದು ಬೀಜ ತಾನೂ ಕಡಿದು, ಮುಖ ಕಿವುಚಿ, "ಸರ್, ಮೆಷೀನ್ ರೆಡಿ ಅಂತಿದೆ, ಬಟ್ ಸೀಡ್ ಇನ್ನೂ ಕಹಿ ಇದೆ. ಟೂ ಡೇಸ್ ವೇಟ್ ಮಾಡೋಣ್ವಾ?" ಅಂದಳು. ಅವತ್ತಿನಿಂದ ಅವಳೆಂದರೆ ನನಗೆ ಜೀವ. ಕಲಿಯುವುದಾದರೆ ಹೀಗೆ ಕಲಿಯಬೇಕು, ಎರಡನ್ನೂ ಹಿಡಿದುಕೊಂಡು.

ಮಾರ್ಚಿನಲ್ಲಿ ಹನ್ನೆರಡನೆಯ ಕೊಯ್ಲು ಮುಗಿದ ವಾರ ಅವಳೇ ನನ್ನನ್ನು ಕರೆದಳು. "ಬಸವರಾಜ್ ಸರ್, ಆ ಕ್ಯಾಬರ್ನೆ ಪ್ಲಾಟ್ ಕಿತ್ತಾಕ್ತಾ ಇದೀವಿ. ಹನ್ನೆರಡು ವರ್ಷದ ರಿಪೋರ್ಟ್ ನೋಡ್ದೆ. ಎವೆರಿ ಇಯರ್ ಜಾಮ್ ಥರ. ಮಣ್ಣೇ ಸರಿ ಇಲ್ಲ ಅನ್ಸತ್ತೆ. ಸೋಮವಾರ ಜೆಸಿಬಿ ಬರತ್ತೆ."

ಅದು ಗುರುವಾರ. ಮಣ್ಣಿನ ತಪ್ಪಲ್ಲ, ಬಳ್ಳಿಯ ತಪ್ಪಲ್ಲ, ಸಾಹೇಬರ ನಾಲಿಗೆಯ ತಪ್ಪಂತೂ ಅಲ್ಲವೇ ಅಲ್ಲ. ಪ್ಲಾಟು ಹೋದರೆ ಸಾಕ್ಷಿಯೂ ಹೋಗುತ್ತದೆ. ನಾನು ಬಚಾವು. ಒಂದು ವರ್ಷ ಕಳೆದರೆ ಹಾರ, ಶಾಲು, ನಿವೃತ್ತಿ. ಇನಾಮದಾರ್ ಸಾಹೇಬರು ಮಾತ್ರ ಸಾಯುವವರೆಗೂ ತಮ್ಮ ನಾಲಿಗೆ ಕೆಟ್ಟಿತು ಅಂದುಕೊಂಡೇ ಇರುತ್ತಾರೆ. ನನಗೆ ಅಳು ಬಂತು, ನಿಜವಾಗಿ ಬಂತು. ಕಾವ್ಯಾ ಗಾಬರಿಯಾಗಿ ನೀರು ಕೊಟ್ಟಳು. ಕುಡಿದು ಎಲ್ಲ ಹೇಳಿದೆ. ಅರಿಶಿನದಿಂದ ಹಿಡಿದು ಮೆಣಸಿನ ಸಾರಿನವರೆಗೆ.

ಅವಳು ಬೈಯಲಿಲ್ಲ. ಟ್ಯಾಬು ಕೆಳಗಿಟ್ಟಳು. "ವೇಟ್, ವೇಟ್. ಅಂದ್ರೆ ಪ್ಲಾಟ್ ಕೆಟ್ಟಿಲ್ಲ? ಬೇರೆ ಬೇರೆ ದಿನ ಕೊಯ್ದ್ರೆ ಎರಡೂ ಸರಿ ಬರತ್ತೆ?" ಅಂದಳು. ಕಣ್ಣು ಅರಳಿದ್ದವು. "ಸರ್, ಯಾವ ಬಳ್ಳಿ ಯಾವ್ದು ಅಂತ ಒಂದೊಂದಾಗಿ ಹೇಳ್ತೀರಾ?"

"ಕಣ್ಣ ಕಟ್ಟಿದ್ರೂ ಹೇಳ್ತೀನವ್ವ!"

ಶುಕ್ರವಾರ ಬೆಳಿಗ್ಗೆ ಶುರುಮಾಡಿದೆವು. ಎಲೆ ಇನ್ನೂ ಬಳ್ಳಿಯ ಮೇಲಿದ್ದವು, ಅದೊಂದು ಪುಣ್ಯ. ಗಂಗವ್ವನಿಗೂ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು, "ಹದಿನೈದ ವರ್ಷ ಹೊಟ್ಯಾಗ ಇಟಗೊಂಡಿಯಲ್ಲೋ ಯಣ್ಣಾ! ಅವತ್ತ ನನಗರ ಹೇಳಿದ್ರ, ಯಾವ ಕಟ್ಟಿಗೆ ಯಾವುದ ಮೊದಲಿತ್ತು ಅಂತ ನಾ ಹೇಳತಿದ್ನಿ. ಒಂದೊಂದ ನೋಡೇ ಹಚ್ಚಿದ್ನಿ" ಅಂದಳು. ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು!

ನಾನು ಮುಂದೆ ಮುಂದೆ ಎಲೆ ಹಿಡಿದು ಕೂಗುವುದು, ಹಿಂದೆ ಗಂಗವ್ವನ ಗುಂಪು ಕಾಂಡಕ್ಕೆ ಎಣ್ಣೆಬಣ್ಣ ಬಳಿಯುವುದು. "ಶಿರಾಜ್, ಹಳದಿ! ಕ್ಯಾಬರ್ನೆ, ಕೆಂಪು! ಶಿರಾಜ್, ಹಳದಿ!" ಗಂಟಲು ಹರಿಯಿತು, ಕಾಲು ಬಾತವು. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಾಗಿ ನಾನು ಕೆಲಸ ಮಾಡಿದ್ದೇ ಇಲ್ಲ. ಕಾವ್ಯಾ ಪ್ರತಿ ಬಳ್ಳಿಯನ್ನೂ ಟ್ಯಾಬಿನಲ್ಲಿ ನಕ್ಷೆ ಮಾಡಿಕೊಂಡಳು. ಭಾನುವಾರ ಸಂಜೆಯ ಹೊತ್ತಿಗೆ ಎರಡೂ ಪ್ಲಾಟು ಮುಗಿದಿದ್ದವು. ಸೋಮವಾರ ಬಂದ ಜೆಸಿಬಿಯವನು ಚಹಾ ಕುಡಿದು ವಾಪಸು ಹೋದ. ಗಂಗವ್ವ ಅವತ್ತು ಕಾಯಿ ಒಡೆಸಿ ನನಗೆ ಹೇಳಿದಳು: "ಈ ಸಲ ಖಂಡೆಪೂಜಿಗೆ ಬಳ್ಳಿಗೆ ಬರೇ ಇಬೂತಿ ಹಚ್ತೀನಿ. ಅಂಜಬ್ಯಾಡ."

ಮಂಗಳವಾರ ಕ್ಯಾಂಪಿಗೆ ಹೋದೆ. ಸಾಹೇಬರು ಬಾಗಿಲು ತೆರೆದು, "ಬಾರೋ ಬಸವರಾಜ" ಎಂದು ಕೈಹಿಡಿದು ಕೂಡಿಸಿದರು. ಅವರ ಮನೆಯವರು ಚಹಾ ತಂದರು, ನನಗೊಂದೇ ಕಪ್ಪು. ನಾನು ಹೇಳುತ್ತಾ ಹೋದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಇದ್ದರು, ಒರೆಸುತ್ತಲೇ ಇದ್ದರು.

"ಹನ್ನೊಂದ ವರ್ಷ" ಅಂದರು ಕೊನೆಗೆ. "ಮಗಳು ಮಾಡಿದ ಪಾಯಸಾ ತಿಂದು, ಏಲಕ್ಕಿ ವಾಸನಿ ಬಂದ್ರೂ, ಇದು ಖರೇ ಅದನೋ ಇಲ್ಲೋ ಅಂತ ಸಂಶೇ ಬರ್ತಿತ್ತೋ ನಂಗ. ನೀ ಅಂದದ್ದ ನಾ ನಂಬಿದ್ನಲ್ಲೋ." ಆಮೇಲೆ ಎದ್ದು ನಿಂತು, "ಹೋಗಿನ್ನ" ಅಂದರು. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ವರ್ಷಪೂರ್ತಿ ಅವರು ನನ್ನ ಫೋನು ಎತ್ತಲಿಲ್ಲ. ಮಾಡಿದ್ದುಣ್ಣೋ ಮಹರಾಯ. ನಾನು ಬಳ್ಳಿ ನೋಡಿಕೊಂಡೆ. ಆ ಚಳಿಗಾಲ ಚಳಿ ಚೆನ್ನಾಗಿ ಬಿತ್ತು. ಹಳದಿ ಕಾಂಡದ ಹಣ್ಣನ್ನು ಮೊದಲು ಕೊಯ್ದೆವು, ಒಂದೂ ಸುಕ್ಕಿರಲಿಲ್ಲ. ಕೆಂಪು ಕಾಂಡದ್ದನ್ನು ಎರಡು ವಾರ ಬಿಟ್ಟು. ಬೇರೆ ಬೇರೆ ಟ್ಯಾಂಕು, ಬೇರೆ ಬೇರೆ ವೈನು. ಕಾವ್ಯಾ ಮೊದಲ ಸಲ ಶಿರಾಜ್ ಮೂಗಿಗೆ ಹಿಡಿದಾಗ, "ಓ ಮೈ ಗಾಡ್, ಸರ್!" ಎಂದು ನನ್ನ ಬೆನ್ನಿಗೆ ಗುದ್ದಿದಳು.

ನನ್ನ ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಆದ ಮೇಲೆ ನಾನು ಎರಡು ಸಣ್ಣ ಸೀಸೆ ಕೈಚೀಲದಲ್ಲಿಟ್ಟುಕೊಂಡು ನೇರ ಕ್ಯಾಂಪಿಗೆ ಹೋದೆ. ಸೀಸೆಗೆ ಚೀಟಿ ಹಚ್ಚಿರಲಿಲ್ಲ. ಸಾಹೇಬರ ಮನೆಯವರು ಒಳಗೆ ಬಿಟ್ಟರು. ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು, ತಿರುಗಿ ನೋಡಲಿಲ್ಲ. ನಾನು ಎರಡು ಲೋಟಕ್ಕೆ ಸುರಿದು ಮುಂದಿಟ್ಟೆ.

ಕೆಲಸದ ಮನುಷ್ಯ, ಎಷ್ಟು ಹೊತ್ತು ತಡೆದಾರು? ಕೈ ತಾನಾಗಿ ಹೋಯಿತು. ಮೊದಲನೆಯ ಲೋಟ ತಿರುಗಿಸಿ ಮೂಗಿಗೆ ಹಿಡಿದರು, ಒಂದು ಗುಟುಕು ಬಾಯಲ್ಲಾಡಿಸಿದರು. "ಕ್ಯಾಬರ್ನೆ" ಅಂದರು. "ಅಪ್ಪಟ." ಅವರು ಹನ್ನೊಂದು ವರ್ಷ ಕಾದದ್ದು ಆ ಲೋಟದಲ್ಲಿತ್ತು.

ಎರಡನೆಯದನ್ನು ಎತ್ತಿದರು. ಮೂಗಿಗೆ ಹಿಡಿದವರು ತಟ್ಟನೆ ಕೆಳಗಿಟ್ಟರು. ಮತ್ತೆ ಎತ್ತಿದರು. ನನ್ನ ಮುಖ ನೋಡಿದರು, ಹಳೆಯ ದಿನಗಳಲ್ಲಿ ಪ್ರತಿ ವರ್ಷ ನೋಡುತ್ತಿದ್ದ ಹಾಗೆಯೇ. ಬಾಯಿಯವರೆಗೆ ಬಂದ ಮಾತು ಹೊರಡುತ್ತಿರಲಿಲ್ಲ. ಆ ಹೆದರಿಕೆ ಹಾಕಿದವನು ನಾನೇ.

"ಹೇಳ್ರಿ ಸರ" ಅಂದೆ.

"ಬಸವರಾಜ... ಇದ್ರಾಗ ಮೆಣಸಿನ ಕಾಳಿನ ವಾಸನಿ..."

"ಹೌದ್ರಿ ಸರ. ಅದ. ಮೊದಲಿಂದನೂ ಇತ್ತು."

ಅವರು ಲೋಟ ಹಿಡಿದೇ ಕಿಟಕಿಯಾಚೆ ನೋಡುತ್ತಾ ಕೂತರು. ಕಣ್ಣಲ್ಲಿ ನೀರಿತ್ತು, ನನಗೂ ಇತ್ತು. ಆಮೇಲೆ ಲೋಟ ಕೆಳಗಿಟ್ಟು ಒಳಗಿನ ಕಡೆಗೆ ಕೂಗಿದರು:

"ಏ, ಕೇಳಿಲ್ಲಿ, ಇವತ್ತ ಸಾರಿಗೆ ಮೆಣಸಿನ ಕಾಳ ಕುಟ್ಟಿ ಹಾಕು. ಜಾಸ್ತಿನ ಹಾಕು. ಬಸವರಾಜಾನೂ ಊಟಕ್ಕ ಇರ್ತಾನ."